ಅವಮಾನಕ್ಕೊಂದು ಕೊನೆಯ ದಿನಾಂಕ

ಮಂಗಳೂರಿನ ಸರ್ಕಾರಿ ಕಚೇರಿಗಳಲ್ಲಿ ನೌಕರರಿಗೆ ಅನ್ಯಾಯವಾದರೆ ಕೇಳುವವರೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಅವರು ಕೇಳುವ ಮೊದಲ ಪ್ರಶ್ನೆ, "ಯಾವತ್ತು ಆದದ್ದು?" ಎರಡನೆಯದು, "ಇಷ್ಟು ದಿನ ಎಂತ ಮಾಡ್ತಾ ಇದ್ರಿ ಮಾರಾಯ್ರೇ?" ಮೂರನೆಯ ಪ್ರಶ್ನೆಯ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಸರ್ಕಾರಿ ಕೆಲಸಕ್ಕೆ ಸೇರುವವರಿಗೆ ನೇಮಕಾತಿ ಆದೇಶದ ಜೊತೆಗೇ ಒಂದು ಪಂಚಾಂಗ ಕೊಟ್ಟುಬಿಡಬೇಕು. ಯಾವ ಅವಮಾನಕ್ಕೆ ಎಷ್ಟು ದಿನ, ಯಾವ ತಾರತಮ್ಯಕ್ಕೆ ಯಾವ ಮುಹೂರ್ತ ಎಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿರಬೇಕು. ಈಗ ಪಾಪ, ಜನ ಗೊತ್ತಿಲ್ಲದೆ ಅವೇಳೆಯಲ್ಲಿ ನೊಂದುಕೊಳ್ಳುತ್ತಿದ್ದಾರೆ.

ಉದಾಹರಣೆಗೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನೋಡಿ. ಘಟನೆ ನಡೆದು 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಾಲು ಸಾಲಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಸಬಹುದು. ಕೊಡಲಾಗದ ಪರಿಸ್ಥಿತಿ ಇತ್ತು ಎಂದು ದೂರು ವಿಚಾರಿಸುವ ಸಮಿತಿಗೆ ಮನವರಿಕೆಯಾದರೆ ಇನ್ನೂ 3 ತಿಂಗಳು ಸಿಗುತ್ತದೆ. ಅಲ್ಲಿಗೆ ಬಾಗಿಲು ಬಂದ್. ಮೊದಲ ತಿಂಗಳು ಹೆಣ್ಣುಮಗಳು "ಇದು ನಿಜವಾಗಿ ಆದದ್ದಾ" ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ. ಎರಡನೆಯ ತಿಂಗಳು ಮನೆಯಲ್ಲಿ ಹೇಳುವುದೋ ಬೇಡವೋ ಎಂದು ಒದ್ದಾಡುತ್ತಾಳೆ. ಮೂರನೆಯ ತಿಂಗಳು ಹಿತೈಷಿಗಳ ಸರದಿ: "ಪ್ರೊಬೇಷನ್ ಮುಗೀಲಿ ಅಕ್ಕ, ಮತ್ತೆ ನೋಡುವ." ಪ್ರೊಬೇಷನ್ ಮುಗಿಯುವ ಹೊತ್ತಿಗೆ ದೂರಿನ ಆಯುಷ್ಯವೂ ಮುಗಿದಿರುತ್ತದೆ.

ಬಡ್ತಿ, ಜ್ಯೇಷ್ಠತೆ, ವರ್ಗಾವಣೆಯಲ್ಲಿ ತಾರತಮ್ಯವಾದವರಿಗೆ 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆ ಇದೆ. ಅಂತಿಮ ಆದೇಶವಾಗಿ ಒಂದು ವರ್ಷದೊಳಗೆ ಕರ್ನಾಟಕ ಆಡಳಿತ ನ್ಯಾಯಮಂಡಳಿಯ (ಕೆಎಟಿ) ಮೆಟ್ಟಿಲು ಹತ್ತಬೇಕು. ಆದರೆ ಅದಕ್ಕೂ ಮೊದಲು ಇಲಾಖೆಗೇ ಮನವಿ ಕೊಟ್ಟಿರಬೇಕು. ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಆ ಆರು ತಿಂಗಳು ಮುಗಿದಲ್ಲಿಂದ ಒಂದು ವರ್ಷ. ಅಂದರೆ ಅಧಿಕಾರಿ ಮೌನವಾಗಿದ್ದರೂ ನಿಮ್ಮ ಗಡಿಯಾರ ಓಡುತ್ತಲೇ ಇರುತ್ತದೆ. "ಬಿಡಿ, ಇನ್ನೊಂದು ಜ್ಞಾಪನ ಬರೆಯುವ" ಎಂದು ನೆನಪೋಲೆಯ ಮೇಲೆ ನೆನಪೋಲೆ ಕಳಿಸಿ ಕಾಲ ಹಿಗ್ಗಿಸಿಕೊಳ್ಳಲು ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿಯಾಗಿದೆ. ನಮ್ಮ ನೌಕರರು ಮಾತ್ರ ಇಂದಿಗೂ ನೆನಪೋಲೆಗಳನ್ನು ನಂಬಿ ಕೂತಿದ್ದಾರೆ. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದರಂತೂ ಮನೆಯಲ್ಲಿ ಪಾಯಸ.

ಮೆಟ್ಟಿಲು ಎಂದೆನಲ್ಲ, ಅದು ಇರುವುದು ಬೆಂಗಳೂರಿನಲ್ಲಿ. ಬೆಳಗಾವಿಗೆ, ಕಲಬುರಗಿಗೆ ಪೀಠ ಬಂತು. ಕರಾವಳಿಯವರು ಸಹಿಷ್ಣುಗಳು, ಅವರಿಗೆ ರಾತ್ರಿ ಬಸ್ಸು ಸಾಕು. ಮಂಗಳೂರಿನ ಅಂಚೆ, ಆದಾಯ ತೆರಿಗೆ, ಕಸ್ಟಮ್ಸ್ ನೌಕರರ ಕೇಂದ್ರೀಯ ಆಡಳಿತ ನ್ಯಾಯಮಂಡಳಿಯ ಪೀಠವೂ ಬೆಂಗಳೂರಿನಲ್ಲೇ. ಮಳೆಗಾಲದಲ್ಲಿ ಕೊನೆಯ ದಿನ ಬಿದ್ದರೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿಯದಂತೆ ಕದ್ರಿ ಮಂಜುನಾಥನಿಗೆ ಒಂದು ಹರಕೆ ಹೇಳಿಕೊಳ್ಳುವುದು ಕ್ಷೇಮ. ಸಕಾರಣವಿದ್ದರೆ ಮಂಡಳಿ ವಿಳಂಬವನ್ನು ಮನ್ನಿಸಬಹುದು ಎಂದು ಕಾಯ್ದೆಯಲ್ಲೇ ಇದೆ ನಿಜ. ಆದರೆ "ಹೆದರಿಕೆಯಾಗಿತ್ತು" ಎನ್ನುವುದಕ್ಕೆ ವೆನ್ಲಾಕ್ ಆಸ್ಪತ್ರೆಯಲ್ಲಿ ಸರ್ಟಿಫಿಕೇಟು ಬರೆದುಕೊಡುವುದಿಲ್ಲ.

ಇನ್ನು ಅಂಗವಿಕಲ ನೌಕರರು. 2016ರ ಕಾಯ್ದೆಯ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು, ದೂರು ನೋಂದಣಿಯಾದ ಎರಡು ವಾರದೊಳಗೆ ವಿಚಾರಣೆಯಾಗಬೇಕು. ಎಷ್ಟು ಚಂದದ ಕಾನೂನು! ಇಲ್ಲಿ ಗಡುವು ದೂರುದಾರನಿಗಲ್ಲ, ಅಧಿಕಾರಿಗೆ. ಆದರೆ ಎರಡು ವಾರ ಶುರುವಾಗುವುದು ನೋಂದಣಿಯಿಂದ. ಅನುಭವಸ್ಥ ಕಚೇರಿಗೆ ಇಷ್ಟು ಸುಳಿವು ಸಾಕು. ರಿಜಿಸ್ಟರನ್ನೇ ತೆರೆಯದಿದ್ದರೆ ಯಾವ ವಾರವೂ ಹುಟ್ಟುವುದಿಲ್ಲ.

ಗಡುವಿಗೆ ಮೊದಲೇ ದೂರು ತಂದವರ ಪಾಡೇನು? ಒಬ್ಬ ಪ್ರಥಮ ದರ್ಜೆ ಸಹಾಯಕಿ ಇದ್ದಾರೆ ಎಂದುಕೊಳ್ಳಿ. ಇಲಾಖೆ ನಿಮಗೆ ತೋಚಿದ್ದು. ದೂರು ಬರೆದು, ಎರಡು ಪ್ರತಿ ಮಾಡಿಸಿ ಟಪಾಲು ವಿಭಾಗಕ್ಕೆ ಬರುತ್ತಾರೆ. ಗುಮಾಸ್ತರು ಕನ್ನಡಕ ಏರಿಸಿ ಓದುತ್ತಾರೆ.

"ಮೇಡಂ, ಇದು ಸೂಕ್ತ ಮಾರ್ಗದ ಮೂಲಕ ಬರಬೇಕು. ಸಾಹೇಬ್ರ ಸಹಿ ಎಲ್ಲುಂಟು?"

"ದೂರು ಇರುವುದೇ ಸಾಹೇಬ್ರ ಮೇಲೆ ಅಲ್ವಾ ಸರ್?"

"ಹಾಗಾದ್ರೆ ಇನ್ನೂ ಒಳ್ಳೇದಾಯ್ತು. ಅವರಿಗೂ ವಿಷಯ ಬೇಗ ಗೊತ್ತಾಗ್ತದೆ."

ಕೊನೆಗೆ ಅವರ ಹಟಕ್ಕೆ ಸೋತು ಗುಮಾಸ್ತರು ಸ್ವೀಕೃತಿ ಮುದ್ರೆ ಒತ್ತುತ್ತಾರೆ. ಸೀಲಿನ ದಿನಾಂಕದ ಚಕ್ರ ಜಾಮ್ ಆಗಿದೆ. ತಿಂಗಳು ತಿರುಗುತ್ತದೆ, ತಾರೀಕು ತಿರುಗುವುದಿಲ್ಲ. "ಪೆನ್ನಲ್ಲಿ ಸರಿ ಮಾಡುವ" ಎಂದು 3ನ್ನು 8 ಮಾಡುತ್ತಾರೆ. ಮುಂದೊಂದು ದಿನ ಇದೇ 8ರ ಬಗ್ಗೆ ಇಬ್ಬರು ವಕೀಲರು ಅರ್ಧ ಗಂಟೆ ವಾದ ಮಾಡಲಿದ್ದಾರೆ.

ಕಾಲಮಿತಿಯೇ ಬೇಡ ಎನ್ನುವವನು ನಾನಲ್ಲ. ಸಾಕ್ಷಿಗಳು ನಿವೃತ್ತರಾಗುತ್ತಾರೆ, ನೆನಪು ಮಾಸುತ್ತದೆ, ಆರೋಪ ಹೊತ್ತವನ ತಲೆಯ ಮೇಲೂ ಕತ್ತಿ ಜೀವಮಾನವಿಡೀ ತೂಗಬಾರದು. ಅಮೆರಿಕದ ಕೇಂದ್ರ ಸರ್ಕಾರಿ ನೌಕರರು ತಾರತಮ್ಯವಾದ 45 ದಿನದೊಳಗೆ ಇಲಾಖೆಯ ಸಲಹೆಗಾರರ ಬಳಿ ಹೋಗಬೇಕು. ಆ ಲೆಕ್ಕದಲ್ಲಿ ನಾವು ಧಾರಾಳಿಗಳೇ. ನನ್ನ ತಕರಾರು ಬೇರೆ. ದೂರು ಕೊಡುವವನಿಗೆ ಒಂದು ಗಡಿಯಾರ, ತೆಗೆದುಕೊಳ್ಳುವವನಿಗೆ ಇನ್ನೊಂದು ಏಕೆ? ದೂರು ತಡವಾದರೆ ದೂರು ಬೀಳುತ್ತದೆ. ಅದೇ 2013ರ ಕಾಯ್ದೆಯಲ್ಲಿ ಸಮಿತಿ 90 ದಿನದಲ್ಲಿ ವಿಚಾರಣೆ ಮುಗಿಸಬೇಕು, ವರದಿ ಬಂದ 60 ದಿನದಲ್ಲಿ ಕ್ರಮವಾಗಬೇಕು ಎಂದೂ ಇದೆ. ಮುಗಿಸದಿದ್ದರೆ ದೂರುದಾರಳ ಮಾತನ್ನೇ ಒಪ್ಪಿಕೊಳ್ಳಬೇಕು ಎಂದು ಎಲ್ಲೂ ಬರೆದಿಲ್ಲ.

2025ರ ಸೆಪ್ಟೆಂಬರಿನ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಡಿ. ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯದ ಅಧ್ಯಾಪಕಿಯೊಬ್ಬರು ಕುಲಪತಿಯ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟಿದ್ದರು. ಕೊನೆಯ ಘಟನೆ 2023ರ ಏಪ್ರಿಲಿನಲ್ಲಿ, ದೂರು ಡಿಸೆಂಬರಿನಲ್ಲಿ. ಆರು ತಿಂಗಳು ದಾಟಿತ್ತು, ಹಾಗಾಗಿ ತಳ್ಳಿಹಾಕಿದ್ದು ಸರಿ ಎಂದಿತು ಸುಪ್ರೀಂ ಕೋರ್ಟ್. ಜೊತೆಗೆ ಆ ತೀರ್ಪನ್ನು ಕುಲಪತಿಯ ಸ್ವವಿವರದಲ್ಲಿ ಸೇರಿಸಬೇಕು ಎಂದೂ ಹೇಳಿತು. ವಿಚಾರಣೆಗೆ ತಡವಾಯಿತು, ಬಯೋಡೇಟಾಕ್ಕೆ ತಡವಾಗಿರಲಿಲ್ಲ. ಅದೇ ತಿಂಗಳು ನಮ್ಮದೇ ಕರ್ನಾಟಕ ಗೃಹ ಮಂಡಳಿಯ ಜಮೀನಿನ ಖಟ್ಲೆಯೊಂದು ಅಲ್ಲಿಗೆ ಬಂದಿತ್ತು. ಮಂಡಳಿ ಮೇಲ್ಮನವಿ ಹಾಕಲು ತಡ ಮಾಡಿದ್ದು 3,966 ದಿನ. ಹತ್ತು ವರ್ಷ ಹತ್ತು ತಿಂಗಳು! ಹೈಕೋರ್ಟು ಅದನ್ನು ಮನ್ನಿಸಿಯೂ ಇತ್ತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು ಎನ್ನುವುದು ಸಮಾಧಾನ. ಆದರೆ 3,966 ದಿನದ ನಂತರವೂ ಮನ್ನಿಸಿ ಎಂದು ಕೇಳಲು ಧೈರ್ಯ ಬರುತ್ತದಲ್ಲ, ಆ ಧೈರ್ಯದ ಒಂದು ಚೂರನ್ನು ನಮ್ಮ ಸಹಾಯಕಿಗೆ ಸಾಲವಾಗಿ ಕೊಡಬಾರದೇ?

ಹಿಂದಿನವರು ಅದೃಷ್ಟವಂತರು. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದಾಗ, ಮದುವೆಯಾದರೆ ಕೆಲಸ ಬಿಡುತ್ತೇನೆ ಎಂದು ಅವರಿಂದ ಮುಚ್ಚಳಿಕೆ ಬರೆಸಿಕೊಂಡಿದ್ದರು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು, 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳ ಚರ್ಮ ಸುಲಿದರು. ಅಷ್ಟರಲ್ಲಿ ಸರ್ಕಾರ ಬಡ್ತಿ ಕೊಟ್ಟಾಗಿತ್ತು, ಅರ್ಜಿ ವಜಾ ಆಯಿತು, ಆದರೆ ಹೇಳಬೇಕಾದ್ದನ್ನು ನ್ಯಾಯಾಲಯ ಹೇಳಿಯೇಬಿಟ್ಟಿತು. "ಮುಚ್ಚಳಿಕೆ 1949ರದ್ದು, ಆಕ್ಷೇಪ 1950ರೊಳಗೆ ಯಾಕೆ ಕೊಡಲಿಲ್ಲ ಮೇಡಂ?" ಎಂದು ಕೇಳುವ ಗುಮಾಸ್ತರು ಆಗಿನ್ನೂ ಹುಟ್ಟಿರಲಿಲ್ಲ.

ಹೊರಗಿನವರಿಗಾದರೆ ಇದೇ ಸರ್ಕಾರ ಸಕಾಲ ಯೋಜನೆ ತಂದಿದೆ. ಜಾತಿ ಪ್ರಮಾಣಪತ್ರ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಆ ಪತ್ರವನ್ನು ಸಕಾಲಕ್ಕೆ ಕೊಡುವ ನೌಕರಳನ್ನೇ ಅವಳ ಜಾತಿ ಹಿಡಿದು ಹೀಯಾಳಿಸಿದರೆ, ಅವಳ ಮನವಿಯ ಕಡತ ಎಷ್ಟು ದಿನ ಮಲಗಿದರೂ ಅವಳಿಗೆ 20 ರೂಪಾಯಿಯ ಯೋಗವಿಲ್ಲ.

ಆದ್ದರಿಂದ ಒಂದೇ ಸಾಲಿನ ತಿದ್ದುಪಡಿ ಸೂಚಿಸುತ್ತೇನೆ. ಮೌನಂ ಸಮ್ಮತಿ ಲಕ್ಷಣಂ ಎಂದು ಮದುವೆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಅನ್ವಯಿಸಿದ ಶಾಸ್ತ್ರವನ್ನು ಕಚೇರಿಗೂ ತನ್ನಿ. ಆರು ತಿಂಗಳಲ್ಲಿ ಉತ್ತರ ಬಾರದ ಮನವಿಯನ್ನು ಇಲಾಖೆ ಒಪ್ಪಿಕೊಂಡಿದೆ ಎಂದೇ ತಿಳಿಯತಕ್ಕದ್ದು. ಆಗ ನೋಡಿ, ಆರನೆಯ ತಿಂಗಳ ಕೊನೆಯ ಶನಿವಾರ ರಾತ್ರಿ ಒಂಬತ್ತಕ್ಕೂ ಕಚೇರಿಯಲ್ಲಿ ದೀಪ ಉರಿಯುತ್ತಿರುತ್ತದೆ, ಹಿಂಬರಹ ಟೈಪಾಗುತ್ತಿರುತ್ತದೆ, ಸೀಲಿನ ಚಕ್ರಕ್ಕೆ ಎಣ್ಣೆ ಬಿದ್ದಿರುತ್ತದೆ.

ಅಲ್ಲಿಯವರೆಗೆ ನೊಂದವರು ಮಾಡಬೇಕಾದ್ದು ಒಂದೇ. ಅಳುವುದನ್ನು ಆಮೇಲೆ ಇಟ್ಟುಕೊಳ್ಳಿ, ಮೊದಲು ಸ್ವೀಕೃತಿಯ ಮೇಲಿನ ತಾರೀಕು ಸರಿ ಇದೆಯೇ ನೋಡಿ. ಮುಂದೆ ನಿಮ್ಮ ಕಡತ ತೆರೆಯುವವರು ಯಾರೇ ಇರಲಿ, ಮೊದಲು ಓದುವುದು ಅದನ್ನೇ. ಎಷ್ಟೋ ಸಲ ಓದುವುದು ಅದೊಂದನ್ನೇ.