ಕಬ್ಬಿಣದ ಹಂಚು: ಬಳಕೆದಾರರ ಕೈಪಿಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಕುಲುಮೆಗಳಲ್ಲಿ ಯಾವ ನಕಾಶೆಯೂ ಇಲ್ಲದೆ, ಕಣ್ಣಳತೆಯಲ್ಲೇ ಬಡಿದು ಮಾಡಿದ ಸಾಮಾನು ಇದು. ಬೆಂಗಳೂರಿನಲ್ಲಿ ಕೊಂಡಿದ್ದರೆ ಕಂದು ಕಾಗದದ ಪೆಟ್ಟಿಗೆ ಮತ್ತು 'ಸಸ್ಟೇನಬಲ್' ಎಂಬ ಚೀಟಿ ಜೊತೆಗಿರುತ್ತದೆ. ಸಂತೆಯಲ್ಲಿ ಕೊಂಡವರಿಗೆ ಎರಡೂ ಇಲ್ಲ. ಗಾಬರಿ ಬೇಡ, ಹಂಚು ಅದೇ.

ಮೊದಲ ಸಲ ಒಲೆಗೇರಿಸುವ ಮುನ್ನ

ಬೂದಿ ಹಾಕಿ ಗಸಗಸ ತಿಕ್ಕಿ ತೊಳೆಯಿರಿ. ಒರೆಸಿ, ಕಾಯಿಸಿ, ಬಟ್ಟೆಯಲ್ಲಿ ಎಣ್ಣೆ ಅದ್ದಿ ಇದ್ದೂ ಇಲ್ಲದಂತೆ ಸವರಿ. ಹೊಗೆ ಎದ್ದು ಅಡಗುವವರೆಗೆ ಉರಿ ಕೊಡಿ. ಆರಲಿ. ಮತ್ತೆ ಸವರಿ, ಮತ್ತೆ ಕಾಯಿಸಿ. ಎಣ್ಣೆ ಯಾವುದೆಂದರೆ, ಕುಸುಬಿ ಅಥವಾ ಅಗಸೆ. ಎರೆಹೊಲದಲ್ಲಿ ಬಿಳಿಜೋಳದ ಜೊತೆ ಅಕ್ಕಡಿಯಾಗಿ ಬರುವ ಕುಸುಬಿಯ ಎಣ್ಣೆಯಲ್ಲಿ ನೂರಕ್ಕೆ 70ರ ಮೇಲೆ ಲಿನೋಲಿಕ್ ಆಮ್ಲವೇ ಇರುತ್ತದೆ. ಇಂಥ ಎಣ್ಣೆ ಕಾದಾಗ ಗಾಳಿಯ ಆಮ್ಲಜನಕ ಹೀರಿ, ಜಿಡ್ಡುತನ ಬಿಟ್ಟು, ಗಟ್ಟಿ ಕರಿ ಪೊರೆಯಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಚಿತ್ರಕಾರರು ಬಣ್ಣಕ್ಕೆ ಅಗಸೆ ಎಣ್ಣೆ ಬೆರೆಸುವುದೂ ಇದೇ ಗುಣಕ್ಕೆ. ಅಮೆರಿಕದಲ್ಲಿ ಬೀಡಿನ ಬಾಣಲೆ ಸಾಕಿಕೊಂಡವರೂ ಅಗಸೆ ಎಣ್ಣೆಯನ್ನು ಹುಡುಕಿ ಕೊಳ್ಳುತ್ತಾರಂತೆ. ನಮ್ಮಲ್ಲಿ ಅದು ಗಾಣದಿಂದ ನೇರ ಚಟ್ನಿಪುಡಿಯ ಮೇಲೆ ಬೀಳುತ್ತದೆ.

ಎಚ್ಚರಿಕೆಗಳು

ಹುಣಸೆಹುಳಿ ತಾಗಿಸಬೇಡಿ, ಪೊರೆ ಎದ್ದುಬರುತ್ತದೆ. ರಾತ್ರಿಯಿಡೀ ನೀರಲ್ಲಿ ನೆನೆಸಿಡಬೇಡಿ. ಕಾದಾಗ ಹೊಗೆ ಬಂದರೆ ಅದು ಎಣ್ಣೆಯದು. ನಾನ್‌ಸ್ಟಿಕ್ ತವೆಯಾದರೆ 260 ಡಿಗ್ರಿ ದಾಟಿದ ಮೇಲೆ ಲೇಪವೇ ಒಡೆಯತೊಡಗುತ್ತದೆ. ಆ ಲೇಪದ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿಸಿದರು. (ಹಿತ್ತಾಳೆ ಬೋಗಾಣಿ ಕೊಂಡವರು ಈ ಕೈಪಿಡಿ ಮಡಚಿಟ್ಟು ಕಲಾಯಿಯವರನ್ನು ಹುಡುಕಿ. ಕಲಾಯಿಯ ತವರ 232 ಡಿಗ್ರಿಗೇ ಕರಗುತ್ತದೆ, ಬರಿದೇ ಕಾಯಿಸಬೇಡಿ.)

ಹೊಸ ಮಾದರಿ

ನಡು ತುಸು ತಗ್ಗಿದ ಹಂಚು ಇಂಡಕ್ಷನ್ ಒಲೆಗೆ ಒಗ್ಗದು ಎಂದು ವಿನ್ಯಾಸಕಾರರು ತಳ ಸಪಾಟು ಮಾಡಿಸಿ, ಕಟ್ಟಿಗೆಯ ಹಿಡಿ ಕೂಡಿಸಿದ್ದಾರೆ. ಹಿಡಿಗೆ ನಮ್ಮ ತಕರಾರಿಲ್ಲ, ಬೆರಳು ಉಳಿದವು. ಸಪಾಟು ತಳ ದೋಸೆಗೆ ಸರಿ. ಅಗಲ ರೊಟ್ಟಿ ಹಾಕಿ, ಮೇಲೆ ನೀರು ಸವರಿ, ತಿರುವಿ ನೋಡಿ: ಇಂಡಕ್ಷನ್ ಸುರುಳಿಯ ಮೇಲಿನ ನಡುವಷ್ಟೇ ಕಾದು ಅಂಚು ಹಸಿಯಾಗಿ ಉಳಿಯುತ್ತದೆ, ರೊಟ್ಟಿ ಉಬ್ಬುವುದಿಲ್ಲ. ತಿದ್ದುವ ಮೊದಲು ರೊಟ್ಟಿ ಬಡಿಯುವವಳನ್ನು ಒಂದು ಮಾತು ಕೇಳಬಹುದಿತ್ತು. ಪೆಟ್ಟಿಗೆಯ ಮೇಲೆ ವಿನ್ಯಾಸಕಾರರ ಹೆಸರಿದೆ, ಬಡಿದವರ ಹೆಸರಿಲ್ಲ. ಮುಂದಿನ ಮುದ್ರಣದಲ್ಲಿ ಸರಿಪಡಿಸಿಕೊಳ್ಳಿ. ವಚನದಲ್ಲಿ ಜಾತಿಯ ಮಾತು ಬಂದಾಗ ಬಾಗೇವಾಡಿಯ ಬಸವಣ್ಣನೇ ಕಮ್ಮಾರನನ್ನು ಮರೆತಿರಲಿಲ್ಲ.

ವಾರಂಟಿ ಮತ್ತು ದುರಸ್ತಿ

ಸೊಸೆಗೆ, ಅವಳ ಸೊಸೆಗೆ ವರ್ಗಾಯಿಸಬಹುದು. ನಡು ಉಬ್ಬಿದರೆ ಹೊತ್ತುಕೊಂಡು ಕಂಬಾರಸಾಲಿಗೆ ಹೋಗಿ.

"ಯಣ್ಣಾ, ಹಂಚ ಉಬ್ಬೈತಿ, ಒಂದೀಟ ಬಡದ ಕೊಡು."

"ಇಟ್ಟ ಹೋಗ ಯವ್ವಾ, ಸಂಜೀಕ ಬಾ."

ಇಷ್ಟೇ ರಸೀದಿ. ಅಲ್ಲಿ ಲಾರಿಯ ಹಳೆ ಪಾಟಾ ಕಾದು ಕುಡಗೋಲಾಗುತ್ತಿರುತ್ತದೆ. ಮರುಬಳಕೆ ಎಂದು ಹೇಳಿ ಅವರ ಕೆಲಸ ಕೆಡಿಸಬೇಡಿ. ಮೊದಲೆಲ್ಲ ರೈತರು ಸುಗ್ಗಿಯಲ್ಲಿ ಆಯ ಕೊಡುತ್ತಿದ್ದರು, ವರ್ಷವಿಡೀ ದುರಸ್ತಿ ಅದರಲ್ಲೇ ಸೇರಿತ್ತು. ಈಗ ರೊಕ್ಕ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆಯೂ ಇದ್ದು, ಸಲಕರಣೆಗೆ 15,000 ರೂಪಾಯಿವರೆಗೆ ಸಿಗುತ್ತದೆ. ಅದರಲ್ಲಿ ತಿದಿಯ ಬದಲು ಮೋಟಾರು ಬಂದೀತು. ಬೆಂಕಿಯ ಮುಂದೆ ಕೂಡ್ರಲು ಕಂಬಾರನ ಮಗ ಒಪ್ಪಬೇಕಲ್ಲ, ಅವನು ಪುಣೆಗೆ ಹೋಗಿದ್ದಾನೆ. ಬಿಡಿಭಾಗಗಳಲ್ಲಿ ಸದ್ಯ ಕೊರತೆಯಿರುವುದು ಇದೊಂದೇ.

ಸೇವೆಯ ಸಮಯ: ವರ್ಷವಿಡೀ. ಹಿಂಗಾರಿ ಬಿತ್ತನೆಯ ಹೊತ್ತಿನಲ್ಲಿ ಮಾತ್ರ ಹೋಗಬೇಡಿ. ಕುಂಟೆಯ ಕುಡ ಹಣಿಸಲು ರೈತರು ನಸುಕಿನಿಂದಲೇ ಸಾಲು ಹಚ್ಚಿರುತ್ತಾರೆ, ನಿಮ್ಮ ಹಂಚಿನ ಪಾಳಿ ಬರುವುದಿಲ್ಲ.