ಹತ್ತಿದರೆ ಡ್ಯೂಕೇ ಹತ್ತಬೇಕು

ವೇಣೂರಿನಲ್ಲಿ 1604ರಿಂದ ಅಲುಗಾಡದೆ ನಿಂತವನು ಬಾಹುಬಲಿ ಒಬ್ಬನೇ. ಪಿಯುಸಿ ಮುಗಿಸಿದ ಹುಡುಗರಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಅಡಿಕೆಗೆ ರೇಟು ಬಂದ ವರ್ಷ ಅಂಗಳಕ್ಕೆ ಸೀದಾ ಡ್ಯೂಕ್ 390 ಇಳಿಯುತ್ತದೆ. ನಲವತ್ತಕ್ಕೂ ಹೆಚ್ಚು ಕುದುರೆಗಳು, ಸವಾರನಿಗೆ ಹದಿನೆಂಟು ವರ್ಷ.

ಯುರೋಪಿನಲ್ಲಾದರೆ ಈ ವಯಸ್ಸಿನವರಿಗೆ 35 ಕಿಲೋವ್ಯಾಟ್‌ನ ಬೇಲಿಯಿದೆ. ನಮ್ಮಲ್ಲಿ ಬೇಲಿ ಎಂದರೆ ಅಪ್ಪನ ಪಾಸ್‌ಬುಕ್.

ಹಿಂದಿನವರ ಪಾಡು ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯಲ್ಲಿ ಕಿಕ್ಕರಿಗೂ ಗೇರಿಗೂ ಒಂದೇ ಲಿವರ್: ಎತ್ತಿದರೆ ಕಿಕ್, ಮಡಚಿದರೆ ಗೇರು. ಅದೂ ಎಡಗಾಲಿಗೆ. ಹಳೆಯ ಬುಲೆಟ್ಟಿನಲ್ಲಿ ಎಲ್ಲ ಉಲ್ಟಾ, ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಯೆಜ್ಡಿಯಲ್ಲಿ ಪಳಗಿದವನು ಬುಲೆಟ್ ಹತ್ತಿ, ಎದುರು ದನ ಕಂಡಾಗ ಬಲಗಾಲು ಒತ್ತಿದರೆ ಗೇರು ಬದಲಾಗುತ್ತಿತ್ತು, ಬೈಕು ನಿಲ್ಲುತ್ತಿರಲಿಲ್ಲ. ದನಗಳೇ ದಾರಿ ಬಿಡಬೇಕಾಗುತ್ತಿತ್ತು.

125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ 2019ರಿಂದ ಎಬಿಎಸ್ ಕಡ್ಡಾಯ. ಮೂಡುಬಿದಿರೆ ರಸ್ತೆಯ ತಿರುವಿನಲ್ಲಿ ನುಗ್ಗಿ ಬರುವ ಬಸ್ಸಿನ ಡ್ರೈವರಣ್ಣನಿಗೆ ಅದರಿಂದೇನು? ಹಾಗಾಗಿ ಡ್ಯೂಕಿನ ವಿದ್ಯಾಭ್ಯಾಸ ಭಾನುವಾರ ಶಾಲೆಯ ಮೈದಾನದಲ್ಲಿ. "ಕ್ಲಚ್ ಒಮ್ಮೆಲೇ ಬಿಡ್ಬೇಡ ಮಾರಾಯಾ!" ಎಂದು ಹಿಂದೆ ಓಡುವವನು ಭಾವ. ಅವನು ಬಂದದ್ದು ಗೇರೇ ಇಲ್ಲದ ಆಕ್ಟಿವಾದಲ್ಲಿ.