ಪಂಕ್ತಿಭೇದ ಪರಿಹಾರ ಮೀಮಾಂಸೆ

ಪಂಕ್ತಿಭೇದ ಎರಡು ಬಗೆ. ಒಂದು ಊಟದ್ದು, ಇನ್ನೊಂದು ಹಲ್ಲಿನದ್ದು. ಮೊದಲನೆಯದರ ಮೇಲೆ ಸಮಾಜ ಸುಧಾರಕರು ಬೇಕಾದಷ್ಟು ಬರೆದಿರುವುದರಿಂದ, ಒಂದು ಹಲ್ಲು ಮುಂದೆ ಕೂತು ಇನ್ನೊಂದು ಅದರ ಬೆನ್ನ ಹಿಂದೆ ಕೂರುವ ಎರಡನೆಯದನ್ನಷ್ಟೇ ಈ ಗ್ರಂಥ ವಿಚಾರಿಸುತ್ತದೆ. ಶಾಸ್ತ್ರಕಾರರು, ಅಂದರೆ ನಾವು, ದಾವಣಗೆರೆಯಲ್ಲಿ ಮೆಡಿಕಲ್ ಶಾಪೊಂದರ ಮಹಡಿಯ ಮೇಲೆ ಹಲ್ಲಿಗೆ ಕ್ಲಿಪ್ ಹಾಕುವವರು. ಬೋರ್ಡಿನಲ್ಲಿ ‘ಆರ್ಥೊಡಾಂಟಿಸ್ಟ್’ ಎಂದಿದೆ. ಅದರ ಮೊದಲರ್ಧ ಓದಿಕೊಂಡು ಮಂಡಿನೋವಿನವರು ಮೆಟ್ಟಿಲು ಹತ್ತಿ ಬರುತ್ತಾರೆ. ಹತ್ತಿದ ಮೇಲೆ ನೋವು ಇನ್ನಷ್ಟು ಜಾಸ್ತಿಯಾಗಿರುತ್ತದೆ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಬಿಡಿಎಸ್ಸಿಗೆ 5 ವರ್ಷ, ಎಂಡಿಎಸ್ಸಿಗೆ 3 ವರ್ಷ, ಹೀಗೆ 8 ವರ್ಷ ಗುರುಕುಲವಾಸ ಮುಗಿಸಿ ಬ್ಯಾಂಕಿನ ಸಾಲವನ್ನು ತಲೆಯ ಮೇಲೆ ಹೊತ್ತವನು. ನಮ್ಮ ಊರೊಂದರಲ್ಲೇ ಎರಡು ದಂತ ಕಾಲೇಜುಗಳಿರುವುದರಿಂದ ಅಧಿಕಾರಿಗಳ ಸಂಖ್ಯೆ ಬೆಣ್ಣೆದೋಸೆ ಹೋಟೆಲುಗಳಿಗೆ ಪೈಪೋಟಿ ಕೊಡುತ್ತದೆ. ಜನ ಸಾಲು ನಿಲ್ಲುವುದು ಮಾತ್ರ ಹೋಟೆಲಿನ ಮುಂದೆ.

ಪೂರ್ವಾಚಾರ್ಯ ಅಮೆರಿಕದ ಎಡ್ವರ್ಡ್ ಆಂಗಲ್. ಮೇಲಿನ ಮತ್ತು ಕೆಳಗಿನ ಮೊದಲ ಖಾಯಂ ದವಡೆ ಹಲ್ಲುಗಳು ಒಂದಕ್ಕೊಂದು ಹೇಗೆ ಕೂಡುತ್ತವೆ ಎಂಬುದನ್ನೇ ಅಳತೆಗೋಲಾಗಿಟ್ಟು ಆತ 1899ರಲ್ಲಿ ಲೋಕದ ಸಮಸ್ತ ವಕ್ರದಂತರನ್ನೂ ಮೂರು ವರ್ಗ ಮಾಡಿದ. ನಾಲ್ಕು ಮಾಡದೆ ಮೂರಕ್ಕೇ ನಿಲ್ಲಿಸಿದ್ದರಿಂದ ಆತ ನಮ್ಮ ದೇಶದವನಲ್ಲವೆಂಬುದು ಆಂತರಿಕ ಪ್ರಮಾಣದಿಂದಲೇ ಸಿದ್ಧವಾಗುತ್ತದೆ. ಹಲ್ಲು ಕೀಳಕೂಡದು, ಹುಟ್ಟಿದ ಹಲ್ಲಿಗೆಲ್ಲ ಬಾಯಲ್ಲಿ ಜಾಗವುಂಟು ಎಂಬುದು ಆಂಗಲ್ ಮತ. ಗುರು 1930ರಲ್ಲಿ ತೀರಿಕೊಂಡರು. ಗುರುಮತದಂತೆ ತಾನೇ ಸಾಲಿಗೆ ತಂದಿದ್ದ ಹಲ್ಲುಗಳು ಮತ್ತೆ ಕೆಟ್ಟದ್ದನ್ನು ಕಂಡ ಶಿಷ್ಯ ಚಾರ್ಲ್ಸ್ ಟ್ವೀಡ್, ಕೋರೆಯ ಪಕ್ಕದ ಚಿಕ್ಕ ದವಡೆ ಹಲ್ಲುಗಳನ್ನು ಕೀಳಿಸಿ ಮತ್ತೆ ತಂತಿ ಕಟ್ಟಿದ. ಕೀಳುವ ಪಂಥ, ಕೀಳದ ಪಂಥಗಳ ವಾದ ಇಂದಿಗೂ ಮುಗಿದಿಲ್ಲ. ನಮ್ಮ ಕ್ಲಿನಿಕ್ಕಿನಲ್ಲಿ ಅದರ ತೀರ್ಪು ಕೊಡುವುದು ಅಜ್ಜಿ. ‘ಗಟ್ಟಿ ಹಲ್ಲು ಕೀಳ್ಸಿ ಕಣ್ಣು ಕಳ್ಕಂತೀಯೇನ್ಲೇ?’ ಎಂದು ಮೊಮ್ಮಗನನ್ನು ಕುರ್ಚಿಯಿಂದ ಎಬ್ಬಿಸಿಕೊಂಡು ಹೋದರೆ ಅಂದಿಗೆ ಟ್ವೀಡ್ ಸೋತ.

ಈ ವಿದ್ಯೆಯ ಭೂಗೋಳವೂ ಚಿಂತನೀಯ. ಭೇದವೇ ಸತ್ಯವೆಂದು ಸಾರಿದ ಮಧ್ವರ ಉಡುಪಿಗೆ ಐದಾರು ಕಿಲೋಮೀಟರ್ ದೂರದ ಮಣಿಪಾಲದಲ್ಲಿ 1965ರಲ್ಲಿ ದಂತ ಕಾಲೇಜು ತೆರೆಯಿತು. ಕೆಳಗೆ ಮಠಗಳಲ್ಲಿ ಪಂಚಭೇದದ ಪಾಠ, ಮೇಲೆ ಗುಡ್ಡದಲ್ಲಿ ಮುಂದಿನೆರಡು ಹಲ್ಲಿನ ನಡುವಣ ಆರನೆಯ ಭೇದವನ್ನು ಮುಚ್ಚುವ ಪಾಠ. ಎರಡೂ ಕಡೆ ಪರೀಕ್ಷೆ ಕಷ್ಟವಂತೆ.

ಇನ್ನು ಕಾಲತತ್ತ್ವ. ಹಲ್ಲು ಜರುಗುವುದು ತಿಂಗಳಿಗೆ ಸುಮಾರು 1 ಮಿಲಿಮೀಟರ್. ಒತ್ತಡ ಬಿದ್ದ ಕಡೆ ಮೂಳೆ ಕರಗಬೇಕು, ತೆರವಾದ ಕಡೆ ಹೊಸ ಮೂಳೆ ಕೂಡಿಕೊಳ್ಳಬೇಕು. ಅವಸರಪಟ್ಟು ಜೋರಾಗಿ ಎಳೆದರೆ ಬೇರೇ ಸವೆದೀತು. ಅದಕ್ಕೇ ನಾಲ್ಕರಿಂದ ಆರು ವಾರಕ್ಕೊಮ್ಮೆ ಬಿಗಿ ಮಾಡುತ್ತ ಒಂದೂವರೆ ಎರಡು ವರ್ಷ ಕಾಯುವುದು. ಇಷ್ಟನ್ನೂ ಬಿಡಿಸಿ ಹೇಳಿ ನಾವು ಬೆವರು ಒರೆಸಿಕೊಳ್ಳುವಾಗ ಒಬ್ಬ ತಾಯಿ ಕೇಳಿದರು: ‘ಅದೆಲ್ಲ ಸರಿ ಡಾಕ್ಟ್ರೇ, ಶ್ರಾವಣದಾಗೆ ಮದುವಿ ಐತಿ. ಅಷ್ಟ್ರೊಳಗೆ ಇವಳ ಹಲ್ಲು ಒಳಗೆ ಹೋಗ್ತಾವಲ್ಲ?’ ಆಗ ಜ್ಯೇಷ್ಠ ಮಾಸ ನಡೆದಿತ್ತು. ಮದುವೆ ಅಕ್ಕನದು ಎಂದು ತಿಳಿದ ಮೇಲೆ ನಮಗೆ ಉಸಿರು ಬಂತು.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯಲ್ಲಿ ಒಂದು ಪಾದ ಲುಪ್ತವಾಗಿದೆಯೆಂದು ನಮ್ಮ ಊಹೆ. ಹಲ್ಲೂ ಇದ್ದು ಕಡಲೆಯೂ ಇದ್ದು, ಡಾಕ್ಟರು ಬೇಡವೆಂದಿದ್ದರೂ ಕಡಿದ ಮೂರನೆಯವನೊಬ್ಬ ಅಲ್ಲಿರಲೇಬೇಕು. ಕಿತ್ತುಬಂದ ಬ್ರಾಕೆಟ್ಟನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡು ಅವನು ಬರುತ್ತಾನೆ. ಹೇಗಾಯಿತೆಂದರೆ, ‘ಅನ್ನ ತಿನ್ನೋವಾಗ ಬಿತ್ತು.’ ಸಂಕ್ರಾಂತಿಯ ಮಾರನೆಯ ದಿನ ಅನ್ನ ತಿಂದವರ ಸಂಖ್ಯೆ ನಮ್ಮಲ್ಲಿ ವಿಪರೀತ. ಆ ಅನ್ನದಲ್ಲಿ ಕಬ್ಬಿನ ನಾರಿರುತ್ತದೆ; ಗೋಕುಲಾಷ್ಟಮಿಯ ಅನ್ನದಲ್ಲಿ ಚಕ್ಕುಲಿಯ ಚೂರು.

ಅರ್ಥಕಾಂಡ ಚಿಕ್ಕದು, ಯಾಕೆಂದರೆ ಅರ್ಥವೂ ಚಿಕ್ಕದೇ. ಹಲ್ಲು ಸೊಟ್ಟಗಿರುವವರೆಗೆ ಕಂತು ನೆಟ್ಟಗೆ ಬರುತ್ತದೆ. ಸಾಲು ನೆಟ್ಟಗಾಗುತ್ತ ಬಂದಂತೆ ಕಂತು ಸೊಟ್ಟಗಾಗುತ್ತದೆ. ಬಾಕಿ ತೀರದೆ ತಂತಿ ಬಿಚ್ಚಬಾರದೆಂಬುದು ನಮ್ಮ ರಿಸೆಪ್ಷನಿಸ್ಟ್ ರಚಿಸಿದ ಸೂತ್ರ. ‘ಅಂಕಲ್, ನಾಳೆ ಕಾಲೇಜ್ ಡೇ’ ಎಂದು ಹುಡುಗಿ ಬಂದು ನಿಂತರೆ ಶಾಸ್ತ್ರಕಾರರ ಕೈ ತಾನಾಗಿ ಇಕ್ಕಳಕ್ಕೆ ಹೋಗುತ್ತದೆ. ಸೂತ್ರಕಾರ್ತಿ ಆ ಸಂಜೆಯೆಲ್ಲ ನಮ್ಮೊಡನೆ ಮಾತಾಡುವುದಿಲ್ಲ.

ತಂತಿ ಬಿಚ್ಚಿ, ಅಂಟು ಉಜ್ಜಿ ತೆಗೆದು, ಕನ್ನಡಿ ಕೊಟ್ಟಾಗ ಯಾರೂ ಒಡನೆ ನಗುವುದಿಲ್ಲ. ಮೊದಲು ನಾಲಿಗೆಯಿಂದ ಸವರಿ ನೋಡುತ್ತಾರೆ. ಆಮೇಲೆ ನಗು ಬರುತ್ತದೆ, ಬಂದೊಡನೆ ಹಳೆಯ ಅಭ್ಯಾಸದಂತೆ ಬಾಯಿ ಮುಚ್ಚಲು ಕೈ ಮೇಲೇಳುತ್ತದೆ, ಗದ್ದದ ಹತ್ತಿರ ಬಂದು ನಿಲ್ಲುತ್ತದೆ. ಆ ನಿಂತ ಕೈಗೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲ. ರಿಸೆಪ್ಷನಿಸ್ಟ್ ಒಪ್ಪುವುದೂ ಇಲ್ಲ.

ಸ್ಮೃತಿಪ್ರಕರಣ ಕೊನೆಯದು. ನಾವು ಬಳಸುವ ನಿಕ್ಕಲ್-ಟೈಟಾನಿಯಂ ತಂತಿಯ ಮೂಲ ಅಮೆರಿಕದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯ. ಹೇಗೆ ಬಗ್ಗಿಸಿದರೂ ತನ್ನ ಹಳೆಯ ರೂಪ ಮರೆಯದು. ಹಲ್ಲೂ ಹಳೆಯ ಜಾಗ ಮರೆಯದು, ಬಿಟ್ಟರೆ ಹೊರಟೇಬಿಡುತ್ತದೆ. ಅದನ್ನು ತಡೆಯಲು ಕೊಟ್ಟ ರಿಟೇನರನ್ನು ಮರೆಯುವವರು ಮನುಷ್ಯರು.

ಜ್ಯೇಷ್ಠದಲ್ಲಿ ಬಂದಿದ್ದ ಆ ತಂಗಿಯ ಮದುವೆ ಎರಡು ವರ್ಷದ ಮೇಲೆ ನಡೆಯಿತು. ನಮಗೂ ಕರೆಯಿತ್ತು. ಊಟಕ್ಕೆ ಕೂತಾಗ ಮದುಮಗಳು ರಿಟೇನರ್ ತೆಗೆದು ಬಾಳೆಲೆಯ ತುದಿಗೆ, ಉಪ್ಪಿನಕಾಯಿಯ ಪಕ್ಕದಲ್ಲಿಟ್ಟಿದ್ದಾಳೆ. ಎಲೆ ಎತ್ತುವವರು ಎತ್ತಿದ್ದಾರೆ. ಮದುಮಗ, ಹುಡುಗಿಯ ತಂದೆ, ನಾವು ಮೂವರೂ ಪಂಚೆ ಎತ್ತಿ ಕಟ್ಟಿ ಛತ್ರದ ಹಿಂದಿನ ಎಲೆರಾಶಿ ಕೆದಕಿದೆವು. ಮೊದಲ ಪಂಕ್ತಿಯ ಎಲೆ ಯಾವುದು, ಮೂರನೆಯದರದು ಯಾವುದು, ಗೊತ್ತಾಗುವಂತಿರಲಿಲ್ಲ. ಮೊಣಕೈವರೆಗೆ ಸಾರು ಮಾಡಿಕೊಂಡಿದ್ದ ತಂದೆ ಒಮ್ಮೆ ತಲೆಯೆತ್ತಿ ನಮ್ಮನ್ನೇ ನೋಡಿದರು. ಉಳಿದಿದ್ದ ಎರಡು ಕಂತು ನೆನಪಾಯಿತೇನೋ ಎಂದುಕೊಂಡೆವು.

‘ಹೊಸದು ಮಾಡ್ಸಿದ್ರೆ ಎಷ್ಟಾಗ್ತತಿ ಡಾಕ್ಟ್ರೇ?’ ಎಂದರು.